ಬ್ಯಾಲಾಸ್ಟ್ ಮೀಮಾಂಸೆ: ಹೊಸೂರು ಸೀಮೆಯ ಕಿಡಿಯ ದ್ವೈತಾದ್ವೈತ ವಿಚಾರ

ಹೊಸೂರು–ಕೃಷ್ಣಗಿರಿ ಸೀಮೆಯ ವೀರಗಲ್ಲುಗಳ ಮೇಲೆ ವಿದ್ವಾಂಸರು ಚೆಲ್ಲಿರುವ ಬೆಳಕಿನಲ್ಲಿ ನೂರರಲ್ಲೊಂದು ಪಾಲೂ ಅಲ್ಲಿನ ಹಳೆಯ ಪೆಟ್ರೋಲ್ ಕಾರುಗಳ ಬಾನೆಟ್ಟಿನೊಳಗೆ ಬಿದ್ದಿಲ್ಲವೆಂಬುದು ಶಾಸ್ತ್ರಲೋಕಕ್ಕೆ ಆಗಿರುವ ನಷ್ಟವೆಂದೇ ಹೇಳಬೇಕು. ಇದಕ್ಕೆ ಕಾರಣವಿಲ್ಲದಿಲ್ಲ: 1980ರಲ್ಲಿ ಹೊಸೂರಿನಲ್ಲಿ ಬೇರೂರಿದ ಅಶೋಕ್ ಲೇಲ್ಯಾಂಡ್‌ನ ಲಾರಿಗಳು ಡೀಸೆಲ್ಲಿನವಾದ್ದರಿಂದ ಅವಕ್ಕೆ ಕಿಡಿಯ ಹಂಗೇ ಇರಲಿಲ್ಲ, ಅದೇ ವರ್ಷ ಅದೇ ಊರಿನಿಂದ ಹೊರಬಿದ್ದ ಟಿವಿಎಸ್ 50 ಮೊಪೆಡ್ಡಾದರೋ ಮ್ಯಾಗ್ನೆಟೊ ತಿರುಗಿಸಿ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುವ ಸ್ವಾವಲಂಬಿ. ಹೀಗಾಗಿ ಬ್ಯಾಲಾಸ್ಟ್ ರೆಸಿಸ್ಟರ್, ಅಂದರೆ ಬ್ಯಾಟರಿಗೂ ಇಗ್ನಿಷನ್ ಕಾಯಿಲಿಗೂ ನಡುವೆ ಪಿಂಗಾಣಿ ಕವಚದೊಳಗೆ ಸುರುಳಿ ಸುತ್ತಿ ಕುಳಿತು ಕರೆಂಟಿಗೆ ಅಡ್ಡಗಾಲು ಹಾಕುವ ತಂತಿ, ವಾಹನ ಕಟ್ಟುವುದೇ ಕಸುಬಾದ ಊರಿನಲ್ಲಿ ಅನಾಥವಾಯಿತು.

ಸಿದ್ಧಾಂತದ ಪ್ರಕಾರ ಬ್ಯಾಟರಿಯ 12 ವೋಲ್ಟು ಪರಮಾತ್ಮ, ಕಾಯಿಲು ಜೀವಾತ್ಮ. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಮೋಟರು ಬ್ಯಾಟರಿಯನ್ನು ಹಿಂಡಿ 9–10 ವೋಲ್ಟಿಗೆ ಇಳಿಸುವುದರಿಂದ, ಆ ಆಪತ್ಕಾಲದಲ್ಲಿ ರೆಸಿಸ್ಟರಿನ ಪಕ್ಕದಿಂದ ಹಾಯುವ ಬೇರೊಂದು ವೈರಿನ ಮೂಲಕ ಜೀವಾತ್ಮವು ಪರಮಾತ್ಮನಲ್ಲಿ ನೇರ ಐಕ್ಯವಾಗುತ್ತದೆ, ಇದು ಅದ್ವೈತ. ಎಂಜಿನ್ ಹತ್ತಿ ಕೀ ಬಿಟ್ಟೊಡನೆ ರೆಸಿಸ್ಟರು ನಡುವೆ ಬಂದು ಭೇದವನ್ನು ಸ್ಥಾಪಿಸುತ್ತದೆ, ಇದು ದ್ವೈತ. ಅತ್ತಿಬೆಲೆ ಗಡಿಯ ಸಾಲಿನಲ್ಲಿ ಎಂಜಿನ್ ನಿಧಾನಕ್ಕೆ ಗುಟುರುವಾಗ ಕಾದು ತಡೆ ಹೆಚ್ಚಿಸಿಕೊಂಡು, ಶೂಳಗಿರಿ ದಾಟಿ ಕೃಷ್ಣಗಿರಿಯತ್ತ ಓಡುವಾಗ ತಣಿದು ಸಡಿಲಗೊಳ್ಳುವ ತಂತಿಯೂ ಉಂಟು. ಅದನ್ನು ವಿಶಿಷ್ಟಾದ್ವೈತಿಯೆಂದು ಕರೆಯದೆ ಗತ್ಯಂತರವಿಲ್ಲ.

ಕಾಯಿಲಿನ ಮೊದಲ ಸುತ್ತು 1.5 ಓಮ್, ರೆಸಿಸ್ಟರೂ ಅಷ್ಟೇ ಎಂದಿಟ್ಟುಕೊಂಡರೆ ಹರಿಯಬಹುದಾದದ್ದು ಹೆಚ್ಚೆಂದರೆ 4 ಆಂಪಿಯರ್. ಭೇದವನ್ನೇ ಒಪ್ಪದೆ ತುಂಡು ವೈರಿನಲ್ಲಿ ‘ಡೈರೆಕ್ಟ್’ ಕೊಡುವ ಮೆಕ್ಯಾನಿಕ್ ಮತದಲ್ಲಿ ಅದು 8ಕ್ಕೇರಿ, ಕಾಯಿಲಿನ ಶಾಖ ನಾಲ್ಕು ಪಟ್ಟಾಗಿ, ಪಾಯಿಂಟುಗಳು, ಅಂದರೆ ಕರೆಂಟನ್ನು ಥಟ್ಟನೆ ಕಡಿದು ಸಾವಿರಾರು ವೋಲ್ಟಿನ ಕಿಡಿಗೆ ಕಾರಣವಾಗುವ ಪುಟ್ಟ ಲೋಹದ ಬಿಲ್ಲೆಗಳು, ಸುಟ್ಟು ಗುಳಿಬೀಳುತ್ತವೆ. ಮೊದಲ ಕೆಲವು ದಿನ ಕಿಡಿ ದಪ್ಪಗಾಗಿ ಗಿರಾಕಿ ಹಿಗ್ಗುವುದರಿಂದ ಈ ಮತಕ್ಕೆ ಅನುಯಾಯಿಗಳು ಕಡಿಮೆಯಾಗಿಲ್ಲ.

ತಂತಿಯೇ ತುಂಡಾದರೆ ಕೀ ತಿರುಗಿಸಿ ಹಿಡಿದಷ್ಟು ಹೊತ್ತು ಹತ್ತಿದ ಎಂಜಿನ್ ಬಿಟ್ಟೊಡನೆ ಆರುತ್ತದೆ. ಈ ಲಕ್ಷಣವನ್ನು ಕಂಡೂ ಕಾರ್ಬ್ಯುರೇಟರ್ ಬಿಚ್ಚಿ ಹರಡಿ ಕೂರುವ ಪಂಗಡವನ್ನು ಶಾಸ್ತ್ರವು ಚರ್ಚೆಗೆ ಅನರ್ಹವೆಂದು ಪರಿಗಣಿಸುತ್ತದೆ. ಹಳೆಯ ಕಾರಿನ ಒಡೆಯರು ಅಂಥವರ ಕೈಗೆ ಸ್ಪ್ಯಾನರ್ ಕೊಡುವ ಮುನ್ನ ಆ ಪಿಂಗಾಣಿ ತುಂಡಿನ ಎರಡು ತುದಿಗೂ ಮೀಟರ್ ಹಿಡಿದು ನೋಡತಕ್ಕದ್ದು.