ಶ್ರೀಮಾನ್ ಬಿ.ಸಿ. ರೋಡ್ ಅವರ ಸನ್ಮಾನ ಸಭೆಯಲ್ಲಿ

ಸಭಾಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಮೂಡುಬಿದಿರೆಯವರೇ, ಬೆಳ್ತಂಗಡಿಯವರೇ, ವೇದಿಕೆಯಲ್ಲಿ ಕುರ್ಚಿ ಸಿಕ್ಕಿದವರೇ, ಸಿಗದೆ ಮುನಿಸಿಕೊಂಡು ಕೆಳಗೆ ಕುಳಿತವರೇ, ಸಭೆಗೆಂದು ಬಾರದೆ ಬಸ್ಸಿಗೆಂದು ನಿಂತು ನಮ್ಮ ಸಭಿಕರ ಲೆಕ್ಕ ಹೆಚ್ಚಿಸಿದ ಮಹನೀಯರೇ, ಮತ್ತು ಈ ದಿನದ ಸನ್ಮಾನಿತರಾದ ಶ್ರೀಮಾನ್ ಬಿ.ಸಿ. ರೋಡ್ ಅವರೇ,

ಮೊದಲಿಗೆ ಜಾಗದ ಬಗ್ಗೆ ಒಂದು ಮಾತು. ಹಾಲ್ ಕೇಳಿದ್ದೆವು, ಮದುವೆಯವರು ಬುಕ್ ಮಾಡಿ ಆಗಿತ್ತು. ಹಾಗಾಗಿ ಫ್ಲೈಓವರಿನ ಅಡಿ. ಶಾಮಿಯಾನದ ಖರ್ಚು ಉಳಿಯಿತು. ಹಾಲ್ ಸಿಕ್ಕಿದ್ದರೂ ಸನ್ಮಾನಿತರನ್ನು ಒಳಗೆ ಕೂರಿಸುವುದು ಕಷ್ಟವಿತ್ತು. ಕೈಕಂಬದಲ್ಲಿ ತಲೆಯಿಟ್ಟು ಪಾಣೆಮಂಗಳೂರು ಸೇತುವೆಯ ಕಡೆಗೆ ಕಾಲು ಚಾಚಿದವರು ಅವರು. ಸಮಿತಿ ತಂದ ಶಾಲು ಒಂದು ಮೊಬೈಲ್ ಅಂಗಡಿಯ ಶಟರಿಗೂ ಸಾಲುವುದಿಲ್ಲ ಎಂದು ಈಗಷ್ಟೇ ಗೊತ್ತಾಗಿದೆ.

ಸನ್ಮಾನ ಯಾಕೆ ಎಂದು ಕೇಳುವವರಿದ್ದಾರೆ. ಮಂಗಳೂರಿನ ಹಿರಿಯರೊಬ್ಬರು ಒಂದು ಮದುವೆಯ ಊಟದಲ್ಲಿ, ಹೋಳಿಗೆಗೂ ಮಜ್ಜಿಗೆಗೂ ನಡುವೆ, ತೀರ್ಪು ಕೊಟ್ಟರು: “ಮಂಗಳೂರಿನ ಕಳೆ ಹೋಯಿತು. ಸುತ್ತಲಿನ ಊರುಗಳಿಗೆ ಕಳೆ ಇದ್ದದ್ದೇ ಇಲ್ಲ. ಬಿ.ಸಿ. ರೋಡನ್ನೇ ನೋಡಿ ಮಾರಾಯ್ರೆ, ಅದು ಒಂದು ಊರಾ?” ಆರೋಪ ನಿಜವೇ ಎಂದು ಪರಿಶೀಲಿಸಲು ಸಮಿತಿ ಸಭೆ ಸೇರಿತು. ನಿಜ ಎಂದು ಸರ್ವಾನುಮತದಿಂದ ತೀರ್ಮಾನವಾದ ಕೂಡಲೇ ಸನ್ಮಾನ ಮಾಡಿಯೇ ಬಿಡೋಣ ಎಂದಾಯಿತು. ನಮ್ಮ ಜಿಲ್ಲೆಯಲ್ಲಿ ಶಾಲು ಹೊದೆಯದವರು ಎಂದು ಉಳಿದದ್ದೂ ತಾವೊಬ್ಬರೇ.

ಮಾನ್ಯರೇ, ತಮ್ಮ ಪಕ್ಕದಲ್ಲಿ ಕುಳಿತ ಮೂಡುಬಿದಿರೆಯವರನ್ನು ನೋಡಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಅವರದ್ದು. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂಬ ಖ್ಯಾತಿ. ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಒಂದು ಆನೆಯಾಗಿದ್ದಾರೆ, ಐವರು ಸೇರಿ ಒಂದು ಕುದುರೆಯಾಗಿದ್ದಾರೆ. ತಮ್ಮ ಫ್ಲೈಓವರಿನ ಕಂಬಗಳು ಒಂದರ ಹಾಗೆಯೇ ಮತ್ತೊಂದು. ಇದೂ ಒಂದು ಶಿಸ್ತು. ಅಲ್ಲಿ ಕಂಬಕ್ಕೊಂದು ಕೆತ್ತನೆಯಾದರೆ ಇಲ್ಲಿ ಕಂಬಕ್ಕೊಂದು ಪೋಸ್ಟರ್. ಮೂಲವ್ಯಾಧಿಗೆ ಶಾಶ್ವತ ಪರಿಹಾರ ಎಂಬ ಶಾಸನ ಎಲ್ಲ ಕಂಬಗಳಲ್ಲೂ ಒಂದೇ ಲಿಪಿಯಲ್ಲಿ. ಅವರು ಧವಳ, ಜಯಧವಳ, ಮಹಾಧವಳದ ತಾಳೆಗರಿಗಳನ್ನು ಶತಮಾನಗಳ ಕಾಲ ಜೋಪಾನ ಮಾಡಿದರು. ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಸುಳ್ಯದ ಬಸ್ಸಿಗೆ ಓಡಿದವರು ಮರೆತ ಕೊಡೆ, ಟಿಫಿನ್ ಡಬ್ಬಿ, ಎಕ್ಸ್‌ರೇ ಕವರು ಅಷ್ಟೇ ಶ್ರದ್ಧೆಯಿಂದ ಕಾಯಲ್ಪಡುತ್ತಿವೆ.

ಆದರೆ ಮೂಡುಬಿದಿರೆಯವರು ಬೇಸರ ಮಾಡಬಾರದು, ಒಂದು ವಿಷಯ ಹೇಳಲೇಬೇಕು. ಆ ಬಸದಿಗಳು ಎದ್ದದ್ದು ವ್ಯಾಪಾರದ ಹಣದಲ್ಲಿ. ಅಕ್ಕಿ, ಕಾಳುಮೆಣಸು, ಹೇರೆತ್ತು, ದಲ್ಲಾಳಿ ಎಲ್ಲ ಇದ್ದ ಪೇಟೆ ಅದು. 1430ರಲ್ಲಿ ಆ ಬೀದಿಯಲ್ಲಿ ನಿಂತವನಿಗೆ ಕಂಡದ್ದು ಕಲ್ಲು ಕುಟ್ಟುವ ಧೂಳು, ಎತ್ತಿನ ಸೆಗಣಿ, ತೂಕದ ಜಗಳ. ಮಂಗಳೂರಿನಿಂದ ಬಂದ ಯಾರೋ ಮೂಗು ಮುಚ್ಚಿಕೊಂಡು, “ಇದು ಒಂದು ಊರಾ?” ಎಂದಿರಲಿಕ್ಕೂ ಸಾಕು. ವ್ಯಾಪಾರ ಎದ್ದು ಹೋದ ಮೇಲೆ ಊರಿಗೆ ಕಳೆ ಬರುತ್ತದೆ. ಇವತ್ತಿನ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಫೋಟೋ ಯಾರೂ ತೆಗೆಯುವುದಿಲ್ಲವಲ್ಲ; ಕ್ಯಾಮೆರಾ ನೇರ ಬಸದಿಯ ಬಾಗಿಲಲ್ಲಿ ಇಳಿಯುತ್ತದೆ.

ಬೆಳ್ತಂಗಡಿಯವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಒಡವೆಗಳನ್ನು ಮನೆಯ ಹೊರಗೆ ಇಟ್ಟವರು. ವೇಣೂರಿನಲ್ಲಿ 1604ರ ಬಾಹುಬಲಿ, ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲು, ಆಚೆಗೆ ಧರ್ಮಸ್ಥಳ, ಇನ್ನೂ ಆಚೆ ಚಾರ್ಮಾಡಿ. ಬೆಳ್ತಂಗಡಿ ಪೇಟೆಗೆ ಬಂದು ನಿಂತು “ಎಷ್ಟು ಚಂದ” ಎಂದವರನ್ನು ಸಮಿತಿ ಹುಡುಕುತ್ತಲೇ ಇದೆ. ಆದರೂ ಅವರು ಬರಿಗೈಯಲ್ಲಿ ಬಂದಿಲ್ಲ. ಅವರ ಸುರ್ಯದ ದೇವಸ್ಥಾನದಲ್ಲಿ ಮನೆ ಬೇಕಾದವರು ಮಣ್ಣಿನ ಮನೆಯನ್ನು, ಮಗು ಬೇಕಾದವರು ಮಣ್ಣಿನ ಮಗುವನ್ನು ಹರಕೆಯಾಗಿ ಒಪ್ಪಿಸುವುದು ತಮಗೆ ಗೊತ್ತು. ಒಂದು ಮಣ್ಣಿನ ಬಿ.ಸಿ. ರೋಡ್ ಮಾಡಿಸಿ ಒಪ್ಪಿಸೋಣ ಎಂಬ ಸಲಹೆ ಬಂದಿತ್ತು. ಯಾವುದನ್ನು ಸೇರಿಸುವುದು, ಯಾವುದನ್ನು ಬಿಡುವುದು ಎಂಬಲ್ಲಿಗೆ ಮಾತು ಬಂದಾಗ ಕುಂಬಾರರು ಎದ್ದು ಹೋದರು.

ಈಗ ಸನ್ಮಾನಿತರ ಮನೆತನದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಮ್ಮನ್ನು ಬೈಯುವವರಿಗೆ ಇದು ಗೊತ್ತಿರುವುದಿಲ್ಲ. ಇಲ್ಲಿಂದ ಒಂದೆರಡು ಕಿಲೋಮೀಟರ್ ಆಚೆ ತಮ್ಮ ಅಕ್ಕ ಇದ್ದಾರೆ, ಬಂಟ್ವಾಳ ಪೇಟೆ. ನೇತ್ರಾವತಿಯ ಮಡಿಲಲ್ಲಿ ಕೂತವರು. ಘಟ್ಟದಿಂದ ಇಳಿದ ಸರಕು ಅಲ್ಲಿ ದೋಣಿ ಹತ್ತುತ್ತಿತ್ತು. ಮಂಗಳೂರಿನ ಉಪ್ಪು, ಮೀನು ಅಲ್ಲಿ ದೋಣಿ ಇಳಿಯುತ್ತಿತ್ತು. ಇಕ್ಕಟ್ಟಿನ ಬೀದಿ, ಹಂಚಿನ ಮಾಡು, ಕೆಳಗೆ ಅಂಗಡಿ ಮೇಲೆ ಮನೆ, ವೆಂಕಟರಮಣ ದೇವಸ್ಥಾನ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಆ ಬಂಟ್ವಾಳದಲ್ಲಿ. ಕಳೆ ಎಂದರೆ ಅದು.

ಅಕ್ಕನ ಕಳೆಗೆ ಹೊಳೆಯೇ ಕಾರಣ, ಒದ್ದೆಯಾಗುವುದಕ್ಕೂ ಹೊಳೆಯೇ ಕಾರಣ. 1923ರ ನೆರೆಯನ್ನು ಹಿರಿಯರು ಇವತ್ತಿಗೂ ‘ಮಾರಿ ಬೊಲ್ಲ’ ಎನ್ನುತ್ತಾರೆ. 1974ರಲ್ಲಿ ಮತ್ತೆ ಪೇಟೆಯೊಳಗೆ ದೋಣಿ ಬಂತು, ಈ ಸಲ ಸರಕಿಗಲ್ಲ, ಜನರಿಗೆ. ಅಷ್ಟರಲ್ಲಿ ವ್ಯಾಪಾರ ಹೊಳೆಯನ್ನು ಬಿಟ್ಟು ರಸ್ತೆಯನ್ನು ಹಿಡಿದಾಗಿತ್ತು. ಬೆಂಗಳೂರಿಗೆ ಹೋಗುವ ದಾರಿ ಮತ್ತು ಚಾರ್ಮಾಡಿಗೆ ಹೋಗುವ ದಾರಿ ಕವಲೊಡೆಯುವಲ್ಲಿ, ಬಂಟ್ವಾಳ ಕ್ರಾಸ್ ರೋಡ್ ಎಂಬ ಹೆಸರಲ್ಲಿ, ತಾವು ಕೈಚಾಚಿ ನಿಂತಿರಿ. ಜೋಡುಮಾರ್ಗ ಎಂಬ ಚಂದದ ಹೆಸರೂ ತಮಗಿದೆ, ಆದರೆ ಆ ಹೆಸರನ್ನು ಕೂಗಿದರೆ ಕಂಡಕ್ಟರಿಗೆ ಬಾಯಿ ನೋಯುತ್ತದೆ. ಕಚೇರಿಗಳು ಬಂದವು, ಬ್ಯಾಂಕುಗಳು ಬಂದವು, ಮಿನಿ ವಿಧಾನಸೌಧ ಬಂತು, ಸರಕಾರಿ ಬಸ್ಸಿನ ನಿಲ್ದಾಣ ಬಂತು. ಅಕ್ಕನ ಹತ್ತಿರ ಕಳೆ ಉಳಿಯಿತು, ತಮ್ಮ ಹತ್ತಿರ ಜನ ಉಳಿದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡು ಸ್ವಲ್ಪ ಹೊಟ್ಟೆಕಿಚ್ಚು ಪಡುವುದು ಸಹಜ.

ಮಂಗಳೂರಿನ ಹಿರಿಯರಿಗೆ ಒಂದು ವಿನಂತಿ. ಅವರು ಬೆಳಿಗ್ಗೆ ಕುಡಿಯುವ ನೀರು ನಮ್ಮ ತಾಲೂಕಿನ ತುಂಬೆಯ ಅಣೆಕಟ್ಟಿನದ್ದು. ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಗಳಿಗೆ ನೇತ್ರಾವತಿಯ ದಂಡೆ ಮಣ್ಣು ಕೊಟ್ಟಿತು. ಆ ಹಂಚಿನ ಮಾಡುಗಳಿಂದ ಮಂಗಳೂರಿಗೆ ಒಂದು ಕಾಲಕ್ಕೆ ಕಳೆಯೂ ಬಂದಿತ್ತು. ಅವನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಹೊಯಿಗೆಯನ್ನೂ ಇದೇ ಹೊಳೆ ಕೊಟ್ಟಿತು. ಈಗ ಆ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯಲ್ಲಿ, ಇಟಲಿಯ ಹೆಸರಿನ ಗೇಟಿನೊಳಗೆ ಕುಳಿತು, ನೀರು ಮಣ್ಣು ಹೊಯಿಗೆ ಕೊಟ್ಟು ಬರಿದಾದವರ ಮುಖದಲ್ಲಿ ಲಕ್ಷಣ ಹುಡುಕುತ್ತಿದ್ದಾರೆ.

ಹಾಗೆಂದು ತಮ್ಮನ್ನು ಪೂರ್ತಿ ನಿರ್ದೋಷಿ ಎನ್ನಲು ಸಮಿತಿಗೆ ಮನಸ್ಸಿಲ್ಲ, ಕಟ್ಟಿದವರು ನಾವೇ. ಹೆದ್ದಾರಿ ಅಗಲವಾಗುವಾಗ ಹೋದ ಮರಗಳ ಬದಲಿಗೆ ನಾವು ನೆಟ್ಟದ್ದು ಫ್ಲೆಕ್ಸ್. ಅದಕ್ಕೆ ಗೊಬ್ಬರ ಬೇಡ, ಒಂದು ಹುಟ್ಟುಹಬ್ಬ ಇದ್ದರೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ಹದಿನೈದು ಅಡಿ ಬೆಳೆಯುತ್ತದೆ. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಮುಗಿಯುವುದನ್ನು ಕಾಯುತ್ತ ನಮ್ಮ ಮಕ್ಕಳು ದೊಡ್ಡವರಾದರು. ಪಕ್ಕದ ಕಲ್ಲಡ್ಕದ ನೆತ್ತಿಯ ಮೇಲೂ ಸೇತುವೆ ಬಂದಿದೆ. ಅಲ್ಲಿನ ಲಕ್ಷ್ಮೀ ನಿವಾಸ ಹೋಟೆಲಿನ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಲೋಟದಲ್ಲಿ ಹಾಲು ಕೆಳಗೆ, ಚಹಾ ಮೇಲೆ ನಿಲ್ಲುವ ಹಾಗೆ ಈಗ ಊರು ಕೆಳಗೆ, ಬೆಂಗಳೂರಿಗೆ ಹೋಗುವವರು ಮೇಲೆ. ಒಂದಕ್ಕೊಂದು ಬೆರೆಯುವುದಿಲ್ಲ.

ಇನ್ನು ಸಂಚಯಗಿರಿ. ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತು ಸಂಗ್ರಹಾಲಯ ಇಲ್ಲೇ, ತಮ್ಮ ಅಂಗಳದಲ್ಲೇ ಇದೆ. ತುಳುವರ ಬದುಕಿನ ಪಾತ್ರೆ ಪರಡಿ, ಬೇಸಾಯದ ಸಾಮಾನು, ಜೊತೆಗೆ ಅಬ್ಬಕ್ಕನ ಚಿತ್ರಗಳ ಗ್ಯಾಲರಿ. ಮೂಡುಬಿದಿರೆಯವರೇ, ನಿಮ್ಮ ಚೌಟರ ಮನೆತನದ ಹುಡುಗಿ ಇಲ್ಲಿದ್ದಾಳೆ, ಊಟಕ್ಕೆ ಮುಂಚೆ ಒಮ್ಮೆ ಕಂಡು ಹೋಗಿ. ನಮ್ಮವರನ್ನು ಕೇಳಬೇಡಿ, ದಾರಿ ತಪ್ಪಿಸುತ್ತಾರೆ. ಬಸ್ಸಿಗೆ ಒಂದು ಗಂಟೆ ಕಾಯುವವರು ಅಷ್ಟು ಹೊತ್ತು ಫೋನಿನಲ್ಲಿ ರಾಜಸ್ಥಾನದ ಅರಮನೆ ನೋಡುತ್ತಾರೆಯೇ ಹೊರತು ಅತ್ತ ತಲೆ ಹಾಕುವುದಿಲ್ಲ.

ಒಂದು ಗುಣ ಮಾತ್ರ ಸಮಿತಿಯ ಸದಸ್ಯರಿಗೆ ಬೇರೆಲ್ಲೂ ಕಾಣಲಿಲ್ಲ. ಕಳೆ ಇರುವ ಊರುಗಳಲ್ಲಿ ಹೊಸಬನನ್ನು ಕಂಡರೆ ಯಾರ ಮನೆಯವರು, ಎಲ್ಲಿಯವರು ಎಂದು ವಿಚಾರಿಸುತ್ತಾರೆ. ಇಲ್ಲಿ ತಮ್ಮ ಪ್ರಶ್ನೆ ಒಂದೇ: “ಓಡೆ ಪೋಪಿನಿ?” ಎಲ್ಲಿಗೆ ಹೋಗುವುದು? ತುಳುವಿನಲ್ಲಿ ಕೇಳಿದ್ದಕ್ಕೆ ಬ್ಯಾರಿಯಲ್ಲಿ ಉತ್ತರ, ಕೊಂಕಣಿಯಲ್ಲಿ ಚಿಲ್ಲರೆ, ಕನ್ನಡದಲ್ಲಿ ಜಗಳ. ಕಾಲೇಜಿನ ಹುಡುಗಿ, ಅಡಿಕೆ ಮಾರಿ ಬಂದವರು, ಆಸ್ಪತ್ರೆಯಿಂದ ಬಿಡುಗಡೆಯಾದ ಅಜ್ಜ, ಪಹಣಿ ಪತ್ರದ ತಪ್ಪು ತಿದ್ದಿಸಲು ಮತ್ತೆ ಮತ್ತೆ ಬರುವವರು, ಎಲ್ಲರಿಗೂ ಇದೇ ಕಂಬದ ನೆರಳು. ಯಾರಿಗೂ ತಾವು ಗುರಿಯಲ್ಲ, ಆದರೂ ತಮ್ಮನ್ನು ಮುಟ್ಟದೆ ಯಾರೂ ಗುರಿ ಸೇರುವುದಿಲ್ಲ. ಘಟ್ಟದ ಮೇಲಿನಿಂದ ಧರ್ಮಸ್ಥಳಕ್ಕೆ ಬಂದ ಭಕ್ತರು ಮಂಗಳೂರಿನ ಕಡಲು ನೋಡಲು ಹೊರಟರೆ ತಮ್ಮನ್ನು ದಾಟಿಯೇ ಹೋಗುತ್ತಾರೆ, ಕಿಟಕಿಯಲ್ಲಿ ತಮ್ಮನ್ನು ಕಂಡು ನಿದ್ದೆ ಹೋಗುತ್ತಾರೆ. ಇಷ್ಟು ಅವಮಾನಕ್ಕೂ ತಾವು ಒಮ್ಮೆಯಾದರೂ ಮುಖ ಸಿಂಡರಿಸಿಲ್ಲ. ಮುಖವೇ ಇಲ್ಲ ಎನ್ನುವವರ ಮಾತು ಬೇರೆ.

ಆದ್ದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಸಮಸ್ತ ಪ್ರಯಾಣಿಕರ ಪರವಾಗಿ ತಮಗೆ ‘ನಿರ್ಲಕ್ಷಣ ಶಿರೋಮಣಿ’ ಬಿರುದು, ಈ ಶಾಲು (ಎಷ್ಟು ತಲುಪುತ್ತದೋ ಅಷ್ಟು), ಮೈಸೂರು ಪೇಟ ಮತ್ತು ಹಣ್ಣುಹಂಪಲಿನ ಬುಟ್ಟಿಯನ್ನು ನೀಡುತ್ತಿದ್ದೇವೆ. ಪೇಟವನ್ನು ಫ್ಲೈಓವರಿನ ಮೇಲೆ ಇಡಲು ಹೆದ್ದಾರಿ ಇಲಾಖೆಗೆ ಅರ್ಜಿ ಹಾಕಿದ್ದೇವೆ. ಸನ್ಮಾನ ಪತ್ರದಲ್ಲಿ ಹೊಗಳಿಕೆಗೆ ಬಿಟ್ಟ ಜಾಗದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವರು ತಪ್ಪಿ ಬಸ್ಸಿನ ವೇಳಾಪಟ್ಟಿ ಹಾಕಿದ್ದಾರೆ. ತಿದ್ದಿಸುವುದು ಬೇಡ ಎಂದು ಸಮಿತಿ ನಿರ್ಧರಿಸಿತು. ಇದುವರೆಗೆ ಯಾವ ಸನ್ಮಾನ ಪತ್ರವನ್ನೂ ಜನ ಇಷ್ಟು ಗಮನವಿಟ್ಟು ಓದಿದ್ದಿಲ್ಲ.

ವಂದನಾರ್ಪಣೆ ಮಾಡಬೇಕಾದವರು ಧರ್ಮಸ್ಥಳದ ಬಸ್ಸಿನಲ್ಲಿ ಸೀಟು ಸಿಕ್ಕಿತೆಂದು ಹೋದರು. ಹಾಗಾಗಿ ಕೊನೆಯದಾಗಿ ಒಂದು ಪ್ರಕಟಣೆ ಮಾತ್ರ: ಸರ್ವಿಸ್ ರಸ್ತೆಗೆ ಅಡ್ಡವಾಗಿ, ಬಸ್ಸುಗಳಿಗೆ ದಾರಿ ಇಲ್ಲದ ಹಾಗೆ, ಒಂದು ಬಿಳಿ ಕಾರು ನಿಂತಿದೆ. ನಂಬರು ಕೆಎ-19ರಿಂದ ಶುರು. ಊರಿನ ಕಳೆಯ ಬಗ್ಗೆ ಮಾತಾಡಿದ ಹಿರಿಯರು ಎಲ್ಲಿದ್ದರೂ ಬಂದು ಅದನ್ನು ತೆಗೆಯಬೇಕಾಗಿ ವಿನಂತಿ.