ಯಂತ್ರಮೋರ್ಸ್ ಲಕ್ಷಣಸಂಗ್ರಹ

ಮೋರ್ಸಿನ ಛಂದಸ್ಸಿನಲ್ಲಿ ಲಘುವುಂಟು, ಗುರುವಿಲ್ಲ. ಚುಕ್ಕಿಗೆ ಒಂದು ಮಾತ್ರೆ. ಗೆರೆ ಏಕದಂ ಮೂರು ಮಾತ್ರೆಯ ಪ್ಲುತ. ಅಕ್ಷರದ ಒಳಗಿನ ಮೌನಕ್ಕೆ ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ವೇಗ ಅಳೆಯಲು ಆಚಾರ್ಯರು ಇಟ್ಟುಕೊಂಡ ಲಕ್ಷ್ಯಪದ್ಯ ‘ಪ್ಯಾರಿಸ್’ ಎಂಬ ಒಂದೇ ಪದ. ಅದರ ಐದು ಇಂಗ್ಲಿಷ್ ಅಕ್ಷರಗಳಿಗೆ ಪ್ರಸ್ತಾರ ಹಾಕಿ ಕೊನೆಯ ಮೌನವನ್ನೂ ಕೂಡಿಸಿದರೆ ಸರಿಯಾಗಿ 50 ಮಾತ್ರೆ. ನಿಮಿಷಕ್ಕೆ 20 ಪದದ ವೇಗದಲ್ಲಿ ಮಾತ್ರೆಯೊಂದಕ್ಕೆ 60 ಮಿಲಿಸೆಕೆಂಡು.

ಈ 60 ಮಿಲಿಸೆಕೆಂಡನ್ನು ಎಣಿಸುವವರಾರು ಎಂಬುದೇ ವರ್ಗನಿರ್ಣಯದ ಕೀಲಿ. ಸಾಫ್ಟ್‌ವೇರಿನ ಹೆಸರು ಹಿಡಿದು ವಿಂಗಡಿಸುವವರು ಅಲ್ಪಜ್ಞರು. ಕೈಯಾರೆ ಕೀ ಕುಟ್ಟುವ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಈ ಗ್ರಂಥದ ವ್ಯಾಪ್ತಿಗೆ ಸೇರರು; ಲಿನಕ್ಸ್ ಕಂಪ್ಯೂಟರನ್ನು ರೇಡಿಯೋಗೆ ಕಟ್ಟಿ ಕಾಫಿಗೆ ಎದ್ದುಹೋಗುವವರು ಮಾತ್ರ ಸೇರುತ್ತಾರೆ.

ಮೊದಲನೆಯದು ನಾದವರ್ಗ. ಫ್ಲ್‌ಡಿಜಿಯಂಥ ಪ್ರೋಗ್ರಾಮು ಸೌಂಡ್ ಕಾರ್ಡಿನಿಂದ ಪೀಂ ಪೀಂ ಎನ್ನಿಸಿ ರೇಡಿಯೋದ ಮೈಕಿನ ಬಾಯಿಗೆ ಸುರಿಯುತ್ತದೆ. ತಾಳ ತಪ್ಪುವುದಿಲ್ಲ. ದೋಷವೆಂದರೆ, ಇಮೇಲ್ ಬಂದಾಗಿನ ‘ಟಿಂಗ್’ ಕೂಡ ಆಕಾಶಕ್ಕೇರುತ್ತದೆ.

ಎರಡನೆಯದು ತಂತುವರ್ಗ, ವಿದ್ವಾಂಸರ ಅಚ್ಚುಮೆಚ್ಚು. ಸೀರಿಯಲ್ ಪೋರ್ಟಿನ ಡಿಟಿಆರ್ ತಂತಿಯನ್ನು ಒಂದು ಕಿಲೋ ಓಮ್ ರೆಸಿಸ್ಟರ್ ಮೂಲಕ 2ಎನ್2222 ಟ್ರಾನ್ಸಿಸ್ಟರಿನ ಬೇಸಿಗೆ ಕೊಡಿ, ಕಲೆಕ್ಟರನ್ನು ರೇಡಿಯೋದ ಕೀ ಜ್ಯಾಕಿಗೆ, ಎಮಿಟರನ್ನು ಗ್ರೌಂಡಿಗೆ, ಮುಗಿಯಿತು. ಸಿಡಬ್ಲ್ಯೂಡೀಮನ್ ಎಂಬ ಸೇವಕ ಯುಡಿಪಿ ಪೋರ್ಟ್ 6789ರಲ್ಲಿ ಕಿವಿಗೊಟ್ಟು ಕೂತಿರುತ್ತಾನೆ. ಅಲ್ಲಿಗೆ ಬಂದ ಅಕ್ಷರಗಳನ್ನೆಲ್ಲ ಡಿಟಿಆರ್ ಏರಿಸಿ ಇಳಿಸಿ ಮೋರ್ಸ್ ಮಾಡುತ್ತಾನೆ. ಎಣಿಕೆ ಲಿನಕ್ಸಿನದು. ಲಿನಕ್ಸಿಗೋ ನೂರೆಂಟು ತಾಪತ್ರಯ: ಬ್ರೌಸರು, ಬ್ಯಾಕಪ್ಪು, ಅಪ್‌ಡೇಟು. ಚುಕ್ಕಿ ಮುಗಿಸಬೇಕಾದ ಹೊತ್ತಿಗೇ ಬೇರೆಲ್ಲೋ ಕೈಹಾಕಿದ್ದರೆ ಲಘು ಊದಿಕೊಳ್ಳುತ್ತದೆ, ಛಂದೋಭಂಗವಾಗುತ್ತದೆ.

ಇದರಲ್ಲೇ ಒಂದು ಉಪವರ್ಗ: ಅನುದ್ದಿಷ್ಟ ಪ್ರಸಾರ. ಸೀರಿಯಲ್ ಪೋರ್ಟನ್ನು ಯಾವ ಪ್ರೋಗ್ರಾಮು ತೆರೆದರೂ ಲಿನಕ್ಸ್ ವಾಡಿಕೆಯಂತೆ ಡಿಟಿಆರ್, ಆರ್‌ಟಿಎಸ್ ಎರಡನ್ನೂ ಎತ್ತಿಬಿಡುತ್ತದೆ. ಯುಎಸ್‌ಬಿ ಕೇಬಲ್ ಚುಚ್ಚಿದ್ದೇ ತಡ, ಮೋಡೆಮ್‌ಮ್ಯಾನೇಜರ್ ಎಂಬ ಪರೋಪಕಾರಿ ಕೆಲವೊಮ್ಮೆ ‘ನೀನು ಮೋಡೆಮ್ಮೇನಪ್ಪಾ?’ ಎಂದು ವಿಚಾರಿಸಲು ಪೋರ್ಟ್ ತೆರೆಯುತ್ತಾನೆ. ರೇಡಿಯೋ ಉದ್ದಕ್ಕೆ ಒಂದು ಗೆರೆ ಎಳೆಯುತ್ತದೆ. ಅದು ಎಷ್ಟು ಮಾತ್ರೆಯ ಪ್ಲುತವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಪರಿಹಾರ ಸರಳ: ರೇಡಿಯೋವನ್ನು ಎಲ್ಲಕ್ಕಿಂತ ಕೊನೆಗೆ ಆನ್ ಮಾಡುವುದು.

ಮೂರನೆಯದು ದೂತವರ್ಗ. ಕಂಪ್ಯೂಟರು ಅಕ್ಷರಗಳನ್ನು ವಿನ್‌ಕೀಯರ್ ಎಂಬ ಚಿಕ್ಕ ಚಿಪ್ಪಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಮಾತ್ರೆ ಎಣಿಸುವುದೊಂದೇ ಚಿಪ್ಪಿನ ಕಾಯಕ. ಬ್ಯಾಕಪ್ ನಡೆದರೂ ಚುಕ್ಕಿ ಚುಕ್ಕಿಯೇ. ನನ್ನ ಓಟು ಇದಕ್ಕೆ.

ನಾಲ್ಕನೆಯದು ನಿರಾವರಣ ವರ್ಗ: ರಾಸ್ಪ್‌ಬೆರಿ ಪೈನ ಜಿಪಿಐಒ 4ನೇ ಪಿನ್ನಿಗೆ ವೈರು ಸಿಕ್ಕಿಸಿ ಅದನ್ನೇ ಟ್ರಾನ್ಸ್‌ಮಿಟರ್ ಮಾಡುವವರದು. ಹೊರಡುವುದು ಚೌಕ ಅಲೆ. 7 ಮೆಗಾಹರ್ಟ್ಸ್‌ನಲ್ಲಿ ಆಡಿದ ಮಾತು 21ರಲ್ಲೂ 35ರಲ್ಲೂ ಕೇಳುತ್ತದೆ. ಫಿಲ್ಟರ್ ಹಾಕದವರನ್ನು ಪಂಕ್ತಿಯಲ್ಲಿ ಕೂರಿಸಬಾರದು.

ಇನ್ನು ಪ್ರಯೋಜನಭೇದ. ಮಂದಗಾಮಿಗಳ ಪಂಥವೊಂದಿದೆ, ಕ್ಯೂಆರ್‌ಎಸ್‌ಎಸ್. ಅಲ್ಲಿ ಮಾತ್ರೆಯೊಂದಕ್ಕೆ ಮೂರು ಸೆಕೆಂಡು, ಕೆಲವರಿಗೆ ಅದೂ ಸಾಲದು. ಭಾರತದ ಹ್ಯಾಮ್ ಕರೆಚಿಹ್ನೆಯ ತಲೆಭಾಗವಾದ ‘ವಿಯು2’ ಒಂದಕ್ಕೇ 37 ಮಾತ್ರೆ. 20 ಪದದ ವೇಗದಲ್ಲಿ ಎರಡು ಸೆಕೆಂಡು ಚಿಲ್ಲರೆ. ಇಲ್ಲಿ 1 ನಿಮಿಷ 51 ಸೆಕೆಂಡು. ಕಿವಿಯಿಂದ ಹಿಡಿಯುವ ಮಾತಲ್ಲ, ಪರದೆಯ ಮೇಲೆ ಗೆರೆಯಾಗಿ ಓದಬೇಕು. ಮಿಲಿವ್ಯಾಟುಗಳಲ್ಲೇ ಸಮುದ್ರ ದಾಟುವ ಇವರಿಗೆ ಲಿನಕ್ಸಿನ ಅನ್ಯಮನಸ್ಕತೆ ಲೆಕ್ಕಕ್ಕೇ ಇಲ್ಲ. ಮೂರು ಸೆಕೆಂಡಿನಲ್ಲಿ ಹತ್ತು ಮಿಲಿಸೆಕೆಂಡು ಆಚೀಚೆಯಾದರೆ ಕೇಳುವವರಾರು?

ತೀವ್ರಗಾಮಿಗಳು ಸ್ಪರ್ಧಾಳುಗಳು. ಎದುರಿನವನ ದನಿ ಕೇಳಲಿ ಬಿಡಲಿ, ಇವರು ಅವನ ಸಿಗ್ನಲ್ಲಿಗೆ ಕೊಡುವುದು ಪೂರ್ಣಾಂಕ, 599. ಅಂಕೆ 9ಕ್ಕೆ 17 ಮಾತ್ರೆ, ‘ಎನ್’ ಅಕ್ಷರಕ್ಕೆ ಐದೇ. ಆದ್ದರಿಂದ ಕಳಿಸುವುದು ‘5ಎನ್‌ಎನ್’. ಕೈ ನೋಯುತ್ತಿದ್ದ ಕಾಲದ ಮಿತವ್ಯಯ. ಈಗ ಎಫ್ ಕೀಯೊಂದನ್ನು ಒತ್ತಿದರಾಯಿತು, ಯಂತ್ರಕ್ಕೆ ಕೈನೋವೂ ಇಲ್ಲ. ಆದರೂ 5ಎನ್‌ಎನ್ ತಪ್ಪಿಲ್ಲ. ಅದನ್ನೂ ಉಳಿದ ಮಾತಿಗಿಂತ ಚುರುಕಾಗಿ ಹೊಡೆಸುವವರಿದ್ದಾರೆ. ಆ ಕಡೆಯವನು ಬರೆದುಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಅವನ ಲಾಗಿನಲ್ಲಿ ಪ್ರೋಗ್ರಾಮು 599 ಎಂದು ಮೊದಲೇ ತುಂಬಿಟ್ಟಿರುತ್ತದೆ.