ಸಿಡಿಲಿಗೆ ಹತ್ತು ಹೆಸರು

ಗುಡುಗಿದರೆ ನನ್ನ ಬಾಯಿಗೆ ಅರ್ಜುನ ಬರುತ್ತಾನೆ, ತನ್ನ ಹತ್ತೂ ಹೆಸರಿನೊಂದಿಗೆ. ನಾನು ಕರೆಯುವುದಿಲ್ಲ, ತಾನಾಗಿಯೇ ಬರುತ್ತಾನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನ ಬಾಯಿ ಇದು. ಮಿಂಚು ಹಾಯ್ದ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಒಮ್ಮೆಗೇ ಹಿಗ್ಗುವುದರಿಂದ ಗುಡುಗು ಹುಟ್ಟುತ್ತದೆ. ಶಬ್ದ ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡು ಬೇಕು. ಆದ್ದರಿಂದ ಗುಡುಗು ಕೇಳಿಸಿತೆಂದರೆ ಆ ಸಿಡಿಲು ನಮ್ಮನ್ನು ಬಿಟ್ಟಿತೆಂದೇ ಲೆಕ್ಕ ಎಂದು ಬೋರ್ಡಿನ ಮೇಲೆ ಬರೆದವನು ನಾನೇ. ಹಾಗೆ ನೋಡಿದರೆ ಗುಡುಗಿದ ಮೇಲೆ ಅರ್ಜುನನನ್ನು ಕೂಗುವುದು ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ. ಆದರೆ ಹಿಂದೆಯೇ ಇನ್ನೊಂದು ಬರುತ್ತದಲ್ಲ? ನನ್ನದು ಅದಕ್ಕೆ ಕೊಟ್ಟ ಮುಂಗಡ.

ಇದರ ತರ್ಕವೂ ಗಟ್ಟಿಯಾದದ್ದೇ. ವಜ್ರಾಯುಧ ಇಂದ್ರನದು, ಅರ್ಜುನ ಇಂದ್ರನ ಮಗ. ಮಗನ ಹೆಸರು ಹೇಳಿಕೊಂಡು ಬಂದವರ ಮೇಲೆ ಅಪ್ಪ ಕೈಯೆತ್ತುವುದಿಲ್ಲ. ನಮ್ಮ ಕಚೇರಿಗಳಲ್ಲಿ ಇವತ್ತಿಗೂ ಕೆಲಸಗಳು ಆಗುವುದು ಹೀಗೆಯೇ. ಅಷ್ಟಕ್ಕೂ ವಿರಾಟಪರ್ವದಲ್ಲಿ ಈ ಹತ್ತು ಹೆಸರು ಹೇಳಿಸಿದವನು ಯಾರು? ಉತ್ತರಕುಮಾರ! ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ ಪುಣ್ಯಾತ್ಮ. ಬೃಹನ್ನಳೆ ಅವನನ್ನು ಹಿಡಿದು ತಂದು, ಬನ್ನಿಮರದ ಹತ್ತಿರ ನಿಲ್ಲಿಸಿ, ತಾನೇ ಅರ್ಜುನ ಎಂದರೆ, ಹಾಗಾದರೆ ಹತ್ತು ಹೆಸರು ಹೇಳು ನೋಡೋಣ ಎಂದ. ತೊಡೆ ನಡುಗುತ್ತಿರುವಾಗಲೂ ಗುರುತಿನ ಚೀಟಿ ಕೇಳಿದ. ನಮ್ಮ ವಂಶದ ಮೂಲಪುರುಷ ಅವನೇ ಎಂದು ನನ್ನ ಬಲವಾದ ಗುಮಾನಿ.

ಒಂದು ಸಲ ಭರಣಿ ಮಳೆಯ ಹೊತ್ತಿಗೆ ಮಾವನವರು ಮನೆಗೆ ಬಂದಿದ್ದರು. ನಿವೃತ್ತ ಸಂಸ್ಕೃತ ಪಂಡಿತರು. ಸಂಜೆ ಮೋಡ ಕವಿಯಿತು, ಕರೆಂಟು ಹೋಯಿತು. ನಾನು ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲದರ ಪ್ಲಗ್ ಕಿತ್ತು ನಡುಮನೆಯ ಮಂಚದ ಮೇಲೆ ಕಾಲೆತ್ತಿ ಕೂತೆ. ಹೆಂಡತಿ ಸಂಡಿಗೆ ತರಲು ತಾರಸಿಗೆ ಹೊರಟಳು. “ಬೇಡ ಕಣೇ” ಎಂದೆ. “ಹಾಗಾದ್ರೆ ನೀವು ಹೋಗಿ” ಎಂದಳು. ಅವಳ ಧೈರ್ಯಕ್ಕೆ ಅಡ್ಡಿ ಬರಬಾರದೆಂದು ಸುಮ್ಮನಾದೆ.

ಮೊದಲ ಸಿಡಿಲಿಗೇ ಅಮ್ಮ ಶುರು ಮಾಡಿದಳು. ಮೂರನೆಯ ಹೆಸರು “ಪಾರ್ಥ” ಎನ್ನುತ್ತಿದ್ದ ಹಾಗೆ ಕತ್ತಲೊಳಗಿಂದ ಮಾವನವರ ಗಂಟಲು ಕೇಳಿಸಿತು: “ಜಿಷ್ಣು.”

“ಏನಂದ್ರಿ ಬೀಗರೇ?”

“ಏನಿಲ್ಲ, ತಾವು ಹೇಳಿ. ಮೂಲದಲ್ಲಿ ಅದು ಜಿಷ್ಣು ಅಂತಿದೆ, ಅಷ್ಟೆ.”

“ನಮ್ಮತ್ತೆ ಪಾರ್ಥ ಅಂತಲೇ ಹೇಳ್ಕೊಟ್ಟಿದ್ದು.”

“ತಪ್ಪೇನಿಲ್ಲ ಬಿಡಿ. ಪಾರ್ಥ ಅಂದ್ರೆ ಪೃಥೆಯ ಮಗ. ಧರ್ಮರಾಯನೂ ಪಾರ್ಥನೇ, ಭೀಮನೂ ಪಾರ್ಥನೇ. ಯಾರನ್ನ ಕರೀತಿದೀರಿ ಅಂತ ಇಂದ್ರನಿಗೆ ಹ್ಯಾಗೆ ಗೊತ್ತಾಗಬೇಕು?”

ಕಿಟಕಿ ಬೆಳ್ಳಗಾಯಿತು. ಧಡಾರ್!

“ಗೊತ್ತಾಗದೆ ಹೋಗಿದ್ರೆ ಇಷ್ಟು ವರ್ಷ ನಾನು ಉಳೀತಿದ್ನೇ ಬೀಗರೇ?”

ಬೀಗರ ಜಗಳಕ್ಕೊಂದು ಮರ್ಯಾದೆಯಿದೆ. ದನಿ ಏರುವುದಿಲ್ಲ, ಬಹುವಚನ ಇಳಿಯುವುದಿಲ್ಲ, ಒಂದಕ್ಷರವನ್ನೂ ಯಾರೂ ಬಿಟ್ಟುಕೊಡುವುದಿಲ್ಲ. ಮಾವನವರು ಪಾಠಾಂತರಗಳ ವಿಷಯ ಎತ್ತಿದರು. ಅಮ್ಮ ಮಡಿ, ಶ್ರದ್ಧೆಗಳ ವಿಷಯ ಎತ್ತಿದಳು. ಮಂತ್ರ ಮಾತ್ರ ಮೂರನೆಯ ಹೆಸರಿನ ಹತ್ತಿರವೇ ನಿಂತಿತ್ತು. ಮೇಲೆ ಇಂದ್ರ ಕಾಯುತ್ತಿರಲಿಲ್ಲ. ಪಾರ್ಥ ಅಂದರೆ ಮಾವನವರಿಗೆ ಬೇಜಾರು, ಜಿಷ್ಣು ಅಂದರೆ ಅಮ್ಮ ರಾತ್ರಿ ಊಟ ಬಿಡುತ್ತಾಳೆ. ನಾನು ಮೂರನೆಯದನ್ನು ನುಂಗಿಕೊಂಡು ಒಂಬತ್ತಕ್ಕೇ ಮುಗಿಸಿದೆ. ತಕ್ಷಣ ಹೊಸ ದಿಗಿಲು. ಒಂಬತ್ತು ಹೆಸರಿಗೆ ಎಷ್ಟು ರಕ್ಷಣೆ? ಶೇಕಡಾ ತೊಂಬತ್ತೇ? ಉಳಿದ ಹತ್ತು ಮೈಯಲ್ಲಿ ಯಾವ ಭಾಗ? ಕಾಲನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು, ಎರಡನ್ನೂ ಸೇರಿಸಿ ಹನ್ನೊಂದು ಮಾಡಿ ಪಿಸುಗುಟ್ಟಿದೆ. ಪಂಡಿತರ ಕಿವಿ! “ಹನ್ನೊಂದಾಯಿತಲ್ಲ ಅಳಿಯಂದಿರೇ” ಎಂದರು.

ಆಗ ಎದುರು ಬೀದಿಯ ತೆಂಗಿನಮರದ ಸುಳಿ ಭಗ್ಗನೆ ಹೊತ್ತಿಕೊಂಡಿತು. ಅಮ್ಮ “ಪಾರ್ಥ” ಎಂದೂ ಮಾವನವರು “ಜಿಷ್ಣು” ಎಂದೂ ಒಂದೇ ಉಸಿರಿಗೆ ಚೀರಿದರು. ಸಿಡಿಲು ನಮ್ಮ ಮನೆ ಬಿಟ್ಟು ಅಲ್ಲಿ ಬಿದ್ದದ್ದು ಯಾರ ಹೆಸರಿನಿಂದ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಷ್ಟರಲ್ಲಿ ಹೆಂಡತಿ ತೊಯ್ದು ತೊಪ್ಪೆಯಾಗಿ ಇಳಿದು ಬಂದಳು. ಸಂಡಿಗೆ ನೆನೆದಿರಲಿಲ್ಲ. “ನೀನೇನು ಹೇಳ್ಕೊಂಡೆ?” ಎಂದು ಕೇಳಿದೆ. “ಮುಚ್ಚೋಕೆ ಪ್ಲಾಸ್ಟಿಕ್ ಹಾಳೆ ಎಲ್ಲೋಯ್ತು ಅಂತ ನಿಮ್ಮನ್ನ ಬೈಕೊಂಡೆ” ಎಂದಳು.

ಮಾರನೆಯ ದಿನ ಬಂದ ನೆಂಟರೊಬ್ಬರು, ನಿಜವಾದ ನಂಬಿಕೆ ಇದ್ದವರಿಗೆ ಏನೂ ಆಗುವುದಿಲ್ಲ ಎಂದು ಕಾಫಿ ಹೀರುತ್ತ ಅಪ್ಪಣೆ ಕೊಡಿಸಿದರು. ನನಗೆ ಮೈ ಉರಿಯಿತು. ಹಿಮಾಚಲದ ಕುಲ್ಲು ಹತ್ತಿರ ಬಿಜಲಿ ಮಹಾದೇವ ಎಂಬ ಶಿವನಿದ್ದಾನೆ. ಸಿಡಿಲು ಆ ಲಿಂಗದ ಮೇಲೇ ಬೀಳುತ್ತದಂತೆ, ಚೂರುಗಳನ್ನು ಅರ್ಚಕರು ಬೆಣ್ಣೆಯಿಂದ ಕೂಡಿಸುತ್ತಾರಂತೆ. ಶಿವನಿಗೂ ನಂಬಿಕೆ ಸಾಲದೆ? ಯುರೋಪಿನಲ್ಲಿ ಹಿಂದೆ ಸಿಡಿಲನ್ನು ಓಡಿಸಲು ಚರ್ಚಿನ ಗಂಟೆ ಬಾರಿಸುತ್ತಿದ್ದರು. ಎತ್ತರದ ಗೋಪುರ, ನೆನೆದ ಹಗ್ಗ. ಬಾರಿಸುವವರೇ ಎಷ್ಟೋ ಮಂದಿ ಸತ್ತರು. ಅವರ ಭಕ್ತಿಯಲ್ಲಿ ಕೊರತೆ ಹುಡುಕುವಿರಾ?

ನಮ್ಮ ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಹೆಚ್ಚಿನವರು ಹೊಲದಲ್ಲಿದ್ದವರು, ಕುರಿ ಮೇಯಿಸುತ್ತಿದ್ದವರು, ಮಳೆ ಬಂತೆಂದು ಮರದಡಿ ನಿಂತವರು. ಅವರ ಬಾಯಲ್ಲೂ ಆ ಗಳಿಗೆಯಲ್ಲಿ ಒಂದು ದೇವರ ಹೆಸರು ಇದ್ದೇ ಇತ್ತು. ತಲೆಯ ಮೇಲೆ ತಾರಸಿ ಇರಲಿಲ್ಲ. ಮಂಚ ಹತ್ತಿ ಪಾಠಾಂತರ ಚರ್ಚಿಸುವ ಸೌಕರ್ಯ ಎಲ್ಲರಿಗೂ ಇರುವುದಿಲ್ಲ.

ಈಗ ನನ್ನ ಫೋನಿನಲ್ಲಿ ‘ದಾಮಿನಿ’ ಆ್ಯಪ್ ಇದೆ. ಸಿಡಿಲು ಹತ್ತಿರವಾಗುತ್ತಿದೆಯೆಂದು ಮೊದಲೇ ತಿಳಿಸುತ್ತದೆ. ಹಾಗಾಗಿ ನಾನು ಮೊದಲೇ ಹೆದರಲು ಶುರು ಮಾಡುತ್ತೇನೆ, ಹನ್ನೊಂದೂ ಹೆಸರು ನಿಧಾನವಾಗಿ ಮುಗಿಯುತ್ತವೆ. ನೀವೂ ಹೇಳಿಕೊಳ್ಳಿ, ಯಾವ ಪಾಠವಾದರೂ ಸರಿ, ಆದರೆ ಮನೆಯೊಳಗೆ ಬಂದು ಹೇಳಿಕೊಳ್ಳಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿ. ಉಸಿರು ನಿಂತಿದ್ದರೆ ಎದೆ ಒತ್ತಿ. ಹತ್ತು ಹೆಸರು ಸಾಲದೆ ಹೋದರೆ ಕೈಯಲ್ಲಿ ಫೋನಿದೆ, 108 ಒತ್ತಿ.